ಹೊಟ್ಟೆಗೋ, ಜುಟ್ಟಿಗೋ?

2023ರ ಜನವರಿಯಲ್ಲಿ ಒಂದು ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ರೂಮಿನಲ್ಲಿ ಕೂತು ನಾನು ಒಬ್ಬ ಅಂಕಲ್ ಮೇಲೆ ಕಳ್ಳತನದ ಅನುಮಾನ ಪಟ್ಟೆ. ಕೊರಿಯರ್‌ನವನು ಗೇಟಿನಲ್ಲಿ ಕೊಟ್ಟುಹೋಗಿದ್ದ ನನ್ನ ಪಾರ್ಸೆಲ್ ಕಾಣೆಯಾಗಿತ್ತು. ಗಾರ್ಡ್ ಸಿಸಿಟಿವಿ ಹಿಂದಕ್ಕೆ ಓಡಿಸುತ್ತಿದ್ದ. ನಮ್ಮ ಲಿಫ್ಟಿನ ಮುಂದಿರುವ ಕ್ಯಾಮೆರಾ ಮೇಲಿಂದ ಕೆಳಗೆ ನೋಡುತ್ತದೆ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಏನೋ ಡಬ್ಬ, ನೆತ್ತಿಯಲ್ಲಿ ಒಂದು ಪೂರಿಯಷ್ಟು ಅಗಲಕ್ಕೆ ಖಾಲಿ ಸೈಟು.

"ನಿಲ್ಸಿ ನಿಲ್ಸಿ. ಈ ಅಂಕಲ್ ಯಾವ ಫ್ಲೋರು? ಕೈಯಲ್ಲಿ ಏನೋ ಇದೆ ನೋಡಿ."

ಗಾರ್ಡ್ ಒಂದು ಸಲ ಸ್ಕ್ರೀನ್ ನೋಡಿದ, ಒಂದು ಸಲ ನನ್ನನ್ನು ನೋಡಿದ.

"ಸಾರ್, ಅದು ನೀವೇ."

ಕೈಯಲ್ಲಿದ್ದದ್ದು ನನ್ನ ಊಟದ ಡಬ್ಬಿ. ಪಾರ್ಸೆಲ್ ಆಮೇಲೆ ಎದುರುಮನೆಯಲ್ಲಿ ಸಿಕ್ಕಿತು. ಆದರೆ ಆ ಪೂರಿಯಷ್ಟು ಜಾಗದಲ್ಲಿ ಕಳೆದುಹೋಗಿದ್ದು ಎಲ್ಲಿ ಸಿಗುತ್ತೆ? ಕನ್ನಡಿ ಮುಂದೆ ನಿಂತರೆ ಕಾಣುವುದು ಹಣೆ ಮಾತ್ರ. ನೆತ್ತಿ ಊರಿಗೆಲ್ಲ ಕಾಣುತ್ತೆ, ನಮಗೊಬ್ಬರಿಗೆ ಕಾಣಲ್ಲ. 2017ರಲ್ಲಿ ರಾಜ್ ಬಿ. ಶೆಟ್ಟಿಯ ‘ಒಂದು ಮೊಟ್ಟೆಯ ಕಥೆ’ಗೆ ಹೋಗಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಮಂಗಳೂರಿನ ಬೊಕ್ಕತಲೆಯ ಕನ್ನಡ ಲೆಕ್ಚರರಿಗೆ ಹೆಣ್ಣು ಸಿಗದ ಕಥೆ. ಆಗ ನನಗೆ 26, ತಲೆ ತುಂಬ ಕೂದಲು. ನಗೋದು ಸುಲಭವಿತ್ತು.

ಕೂದಲು ಉದುರುತ್ತಿದೆ ಅಂತ ಬೆಂಗಳೂರಿನಲ್ಲಿ ಯಾರಿಗಾದರೂ ಹೇಳಿ ನೋಡಿ. ಮೊದಲ ಉತ್ತರ: "ನೀರು." ಹೆಬ್ಬಾಳ, ಕೆಂಪಾಪುರದ ಕಡೆ ಇರೋರಿಗಂತೂ ಇದು ಧರ್ಮಗ್ರಂಥ. ಬೋರ್‌ವೆಲ್ಲು, ಟ್ಯಾಂಕರು, ಗಡಸು ನೀರು, ಬಕೆಟ್ಟಿನ ಅಂಚಿಗೆ ಬಿಳಿ ಪೊರೆ. ಕಾವೇರಿ ನೀರು ಬಂದಮೇಲೆ ಎಲ್ಲ ಸರಿಹೋಗುತ್ತೆ ಅಂತ ಮನೆ ಓನರ್ ಕೂಡ ಭರವಸೆ ಕೊಟ್ಟರು. ಆದರೆ ಅದೇ ನೀರಲ್ಲಿ ತಲೆ ತೊಳೆಯುವ ನನ್ನ ಹೆಂಡತಿಯ ಜಡೆ ಸೊಂಟ ಮುಟ್ಟುತ್ತೆ. ನೀರು ಗಂಡು ಹೆಣ್ಣು ಅಂತ ಭೇದ ಮಾಡುತ್ತಾ? ಎರಡನೇ ಉತ್ತರ ಹೆಲ್ಮೆಟ್ಟು. ಮೂರನೆಯದು ಟೆನ್ಷನ್ನು. ನಾಲ್ಕನೆಯದು ನಮ್ಮಮ್ಮನದು: "ಎಣ್ಣೆ ಹಚ್ಚಲ್ಲ, ಇನ್ನೇನಾಗುತ್ತೆ."

ಈ ಎಣ್ಣೆ ವಿಷಯಕ್ಕೆ ಮಾತ್ರ ನನ್ನ ಹತ್ತಿರ ಗಟ್ಟಿ ಸಾಕ್ಷಿ ಇದೆ. ನಮ್ಮೂರು ತಿಪಟೂರು, ಕೊಬ್ಬರಿಗೇ ಹೆಸರಾದ ಊರು. ತಾತ, ಅಪ್ಪ, ಇಬ್ಬರು ಚಿಕ್ಕಪ್ಪಂದಿರು, ಎಲ್ಲರೂ ಹುಟ್ಟಿದಾಗಿನಿಂದ ಕೊಬ್ಬರಿ ಎಣ್ಣೆಯಲ್ಲೇ ನೆಂದವರು. ನಾಲ್ಕೂ ತಲೆ ಬೋಳು. ಎಣ್ಣೆಯಿಂದ ಕೂದಲು ನಿಲ್ಲೋದಾಗಿದ್ದರೆ ನಮ್ಮ ಮನೆತನ ಜಡೆ ಹೆಣೆದುಕೊಂಡು ತಿರುಗಬೇಕಿತ್ತು.

ಕೊನೆಗೆ ಹೆಬ್ಬಾಳದಲ್ಲೇ ಒಂದು ಸ್ಕಿನ್ ಕ್ಲಿನಿಕ್ಕಿಗೆ ಹೋದೆ. ಡಾಕ್ಟರಮ್ಮ ಕೂದಲನ್ನು ಬೈತಲೆ ತೆಗೆದ ಹಾಗೆ ಬಿಡಿಸಿ, ಭೂತಗನ್ನಡಿಯಂಥದ್ದರಲ್ಲಿ ನೋಡಿದರು.

"ನಿಮ್ ತಂದೆಗೆ ಹೇಗಿದೆ?"

"ಬೋಳು."

"ತಾಯಿ ಕಡೆ ತಾತಂಗೆ?"

"ಅವರಿಗೂ."

"ಹಾಗಾದ್ರೆ ನೀರನ್ನ ಬಿಟ್ಬಿಡಿ, ಪಾಪ."

ಆಮೇಲೆ ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಎಲ್ಲರಿಗೂ ಇದ್ದದ್ದೇ. ಬಾತ್‌ರೂಮಿನ ಜಾಲರಿ ನೋಡಿ ಅಳಬೇಕಾಗಿಲ್ಲ. ನಮ್ಮಂಥವರ ಸಮಸ್ಯೆ ಬೇರೆ. ಟೆಸ್ಟೊಸ್ಟಿರೋನ್ ಅನ್ನೋ ಹಾರ್ಮೋನನ್ನು ದೇಹದ ಒಂದು ಕಿಣ್ವ ಡಿಎಚ್‌ಟಿ ಅನ್ನೋ ಇನ್ನೂ ಗಟ್ಟಿ ಹಾರ್ಮೋನಾಗಿ ಬದಲಿಸುತ್ತೆ. ಹಣೆಯ ಅಂಚು, ನೆತ್ತಿ, ಈ ಜಾಗದ ಬೇರುಗಳಿಗೆ ಮಾತ್ರ ಅದು ಆಗಿಬರಲ್ಲ. ಪ್ರತಿ ಸಲ ಉದುರಿ ಹುಟ್ಟಿದಾಗಲೂ ಕೂದಲು ಮೊದಲಿಗಿಂತ ಸಣ್ಣ, ಗಿಡ್ಡ. ಕೊನೆಗೆ ನೂಲಿನಂತಾಗಿ, ಕಣ್ಣಿಗೇ ಕಾಣದಂತಾಗುತ್ತೆ. ಕಿವಿಯ ಮೇಲಿನ, ಕತ್ತಿನ ಮೇಲಿನ ಕೂದಲು ಇದಕ್ಕೆ ಕ್ಯಾರೇ ಅನ್ನಲ್ಲ. ಅದಕ್ಕೇ ಎಲ್ಲ ಬೊಕ್ಕತಲೆಗಳಿಗೂ ಆ ಕುದುರೆ ಲಾಳದ ಆಕಾರ. ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡ ಗಂಡಸರಿಗೆ ತಲೆ ಬೋಳಾಗುವುದಿಲ್ಲ ಅಂತ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲೇ ಬರೆದಿದ್ದರಂತೆ. ಅಷ್ಟು ಬೆಲೆ ಕೊಟ್ಟು ಕೂದಲು ಉಳಿಸಿಕೊಳ್ಳುವವರು ಯಾರು ಬಿಡಿ.

"ಸಾಕ್ಷಿ ಇರೋ ಔಷಧಿ ಎರಡೇ," ಅಂದರು ಡಾಕ್ಟರಮ್ಮ. "ಒಂದು ಹಚ್ಚೋದು, ಒಂದು ನುಂಗೋದು. ಎರಡರಲ್ಲಿ ಯಾವುದೇ ಶುರು ಮಾಡಿದ್ರೂ ನಿಲ್ಸೋ ಹಾಗಿಲ್ಲ. ನಿಲ್ಸಿದ್ರೆ ಉಳಿಸ್ಕೊಂಡಿದ್ದು ಕೆಲವು ತಿಂಗಳಲ್ಲಿ ಹೋಗುತ್ತೆ. ಯೋಚನೆ ಮಾಡಿ."

ಬಳ್ಳಾರಿ ರೋಡಿನ ಜಾಮಿನಲ್ಲಿ ಬೈಕ್ ಮೇಲೆ ಕೂತು ಯೋಚನೆ ಮಾಡಿದೆ. ಕ್ಲಿನಿಕ್ಕಿನ ಬಿಲ್ಲು ಕೇಳಿ ಅಮ್ಮ ಫೋನಿನಲ್ಲಿ ಹೇಳಿದ ಗಾದೆ ತಲೆಯಲ್ಲಿ ಸುತ್ತುತ್ತಿತ್ತು: "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು." ಮನೆಯ ಇಎಂಐ ನೆನಪಿಸಲು ಅಮ್ಮ ಆಡಿದ ಮಾತು ಅದು. ನನಗೆ ಬೇರೆ ಅರ್ಥವೇ ಹೊಳೆಯಿತು. ಔಷಧಿ ಎಲ್ಲಿಗೆ ಹಾಕಲಿ? ಹೊಟ್ಟೆಗೋ, ಜುಟ್ಟಿಗೋ?

*

ಎರಡೂ ಔಷಧಿಗಳ ಕಥೆ ಓದಿದರೆ ತಮಾಷೆ ಅನ್ನಿಸುತ್ತೆ. ಯಾವುದೂ ಕೂದಲಿಗಾಗಿ ಹುಟ್ಟಿದ್ದಲ್ಲ.

ಹಚ್ಚುವ ಮಿನಾಕ್ಸಿಡಿಲ್ ಮೊದಲು ನುಂಗುವ ಮಾತ್ರೆಯಾಗಿತ್ತು. ಬೇರೆ ಮದ್ದಿಗೆ ಬಗ್ಗದ ಬಿಪಿಗೆ ಅಂತ ಅಪ್‌ಜಾನ್ ಕಂಪನಿ ಮಾಡಿದ್ದು, ಅಮೆರಿಕದಲ್ಲಿ 1979ರಲ್ಲಿ ಒಪ್ಪಿಗೆ ಸಿಕ್ಕಿತು. ಬಿಪಿ ಇಳಿಯಿತು, ಜೊತೆಗೆ ರೋಗಿಗಳ ಹಣೆ, ಕೆನ್ನೆ, ಕೈ ಮೇಲೆಲ್ಲ ಕೂದಲು ಬೆಳೆಯಿತು. ತೊಂದರೆ ಅಂದುಕೊಂಡಿದ್ದನ್ನೇ ಬಾಟಲಿಗೆ ತುಂಬಿ 1988ರಲ್ಲಿ ‘ರೋಗೇನ್’ ಅಂತ ಮಾರಿದರು. ಅಂದರೆ ಹೊಟ್ಟೆಯಿಂದ ಜುಟ್ಟಿಗೆ ಬಡ್ತಿ.

ನುಂಗುವ ಫಿನಾಸ್ಟಿರೈಡ್‌ನ ಕಥೆ ಇನ್ನೂ ವಿಚಿತ್ರ. ಡೊಮಿನಿಕನ್ ರಿಪಬ್ಲಿಕ್ಕಿನ ಒಂದು ಹಳ್ಳಿಯಲ್ಲಿ ಕೆಲವು ಮಕ್ಕಳು ಹುಟ್ಟಿದಾಗ ಹೆಣ್ಣುಮಕ್ಕಳಂತೆ ಕಾಣುತ್ತಿದ್ದರು, ಪ್ರಾಯಕ್ಕೆ ಬಂದಾಗ ಗಂಡಸರಾಗುತ್ತಿದ್ದರು. ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು 1974ರಲ್ಲಿ ಇದರ ಕಾರಣ ಪ್ರಕಟಿಸಿದರು: ಆ ಮಕ್ಕಳಲ್ಲಿ ಡಿಎಚ್‌ಟಿ ಮಾಡುವ ಕಿಣ್ವವೇ ಕೆಲಸ ಮಾಡುತ್ತಿರಲಿಲ್ಲ. ದೊಡ್ಡವರಾದ ಮೇಲೂ ಅವರ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿಯೇ ಇರುತ್ತಿತ್ತು, ತಲೆ ಬೋಳಾಗುತ್ತಿರಲಿಲ್ಲ. ಮರ್ಕ್ ಕಂಪನಿಯವರು ಆ ಕಿಣ್ವವನ್ನು ತಡೆಯುವ ಮಾತ್ರೆ ಮಾಡಿದರು. 1992ರಲ್ಲಿ ವಯಸ್ಸಾದವರ ಪ್ರಾಸ್ಟೇಟ್ ಊತಕ್ಕೆ 5 ಮಿಲಿಗ್ರಾಮಿನದು ಬಂತು, 1997ರ ಕೊನೆಯಲ್ಲಿ ಬೋಳಾಗುವ ತಲೆಗಳಿಗೆ 1 ಮಿಲಿಗ್ರಾಮಿನದು.

ನಾನು ಮೊದಲು ಜುಟ್ಟನ್ನೇ ಆರಿಸಿಕೊಂಡೆ. ತಲೆಯ ಸಮಸ್ಯೆ ತಲೆಯಲ್ಲೇ ಮುಗಿಯಲಿ, ಹೊಟ್ಟೆ ಯಾಕೆ ಕೆಡಿಸಿಕೊಳ್ಳೋದು ಅನ್ನೋ ಲೆಕ್ಕ. ಹಚ್ಚಿದ್ದರಲ್ಲಿ ಸರಾಸರಿ ಶೇ. 1.4ರಷ್ಟು ಮಾತ್ರ ರಕ್ತಕ್ಕೆ ಸೇರುತ್ತೆ ಅಂತ ಬಾಟಲಿಯ ಜೊತೆ ಬಂದ ಚೀಟಿಯಲ್ಲಿತ್ತು. ಧೈರ್ಯ ಬಂತು.

ಆದರೆ ಸ್ವಾಮಿ, ಹಚ್ಚೋದು ಒಂದು ನೌಕರಿ. ಬೆಳಿಗ್ಗೆ ಒಂದು ಮಿಲಿ, ರಾತ್ರಿ ಒಂದು ಮಿಲಿ, ಶೇ. 5ರ ದ್ರಾವಣ. ತಲೆ ಒಣಗಿರಬೇಕು. ಹಚ್ಚಿದ ಮೇಲೆ ನಾಲ್ಕು ಗಂಟೆ ತೊಳೆಯೋ ಹಾಗಿಲ್ಲ. ಒಣಗುವ ಮೊದಲು ಹೆಲ್ಮೆಟ್ ಹಾಕಿಕೊಂಡರೆ ಔಷಧಿಯೆಲ್ಲ ಹೆಲ್ಮೆಟ್ಟಿಗೇ. ಫ್ಲೈಓವರಿನ ಮೇಲೆ ಬೆವರು ಹರಿದರೆ ಕಣ್ಣು ಉರಿ. ಇಷ್ಟೆಲ್ಲ ಮಾಡಿ ಒಂದೂವರೆ ತಿಂಗಳಿಗೆ ಏನಾಯ್ತು? ಮೊದಲಿಗಿಂತ ಜಾಸ್ತಿ ಉದುರಿತು. ಗಾಬರಿಯಿಂದ ಫೋನ್ ಮಾಡಿದರೆ ಡಾಕ್ಟರಮ್ಮ, "ಅದು ಒಳ್ಳೇದೇ. ಹಳೇ ಕೂದಲು ಜಾಗ ಖಾಲಿ ಮಾಡ್ತಿದೆ," ಅಂದರು. ಬಾಡಿಗೆದಾರರನ್ನು ಎಬ್ಬಿಸಿದ ಮೇಲೆ ಹೊಸಬರು ಬರುತ್ತಾರೋ ಇಲ್ಲವೋ ಅನ್ನೋ ಓನರಿನ ಚಿಂತೆ ನನಗೆ ಶುರುವಾಯಿತು. ಆರು ತಿಂಗಳಿಗೆ ನೆತ್ತಿಯಲ್ಲಿ ನವಿರಾದ ಹುಲ್ಲು ಕಾಣಿಸಿತು. ಇನ್ನಷ್ಟು ಉದುರೋದು ನಿಂತಿತ್ತು ಅನ್ನಬಹುದು. ಆದರೆ ವಾರಕ್ಕೆ ಮೂರು ನಾಲ್ಕು ಹೊತ್ತು ತಪ್ಪುತ್ತಿತ್ತು. ಈ ದ್ರಾವಣದ ನಿಜವಾದ ದೌರ್ಬಲ್ಯ ಅದೇ ಅಂತ ನನಗನ್ನಿಸುತ್ತೆ. ಬಾಟಲಿ ಕೆಲಸ ಮಾಡುತ್ತೆ, ನಾವು ಮಾಡಲ್ಲ.

ಮಾನ್ಯತಾ ಟೆಕ್ ಪಾರ್ಕಿನಲ್ಲಿ ನಮ್ಮ ಟೀಮಿನವನೊಬ್ಬ ಅದೇ ಮಿನಾಕ್ಸಿಡಿಲ್ಲನ್ನು ಸಣ್ಣ ಡೋಸಿನ ಮಾತ್ರೆಯಾಗಿ ನುಂಗುತ್ತಿದ್ದ. ಜುಟ್ಟಿಗೆ ಬಡ್ತಿ ಪಡೆದ ಔಷಧಿ ಮತ್ತೆ ಹೊಟ್ಟೆಗೆ ವಾಪಸ್. "ದಿನಕ್ಕೊಂದು, ಕಾಫಿ ಜೊತೆ, ಮುಗೀತು," ಅಂತ ಮೆರೆಯುತ್ತಿದ್ದ. ನಾಲ್ಕು ತಿಂಗಳಲ್ಲಿ ಅವನ ಕಿವಿ ಅಂಚಿಗೆ, ಬೆರಳ ಗಿಣ್ಣಿಗೆಲ್ಲ ಕೂದಲು. ಸಾಯಂಕಾಲ ಕಾಲು ಸ್ವಲ್ಪ ಊದುತ್ತಿತ್ತು. ಇದು ಮೂಲದಲ್ಲಿ ಬಿಪಿ ಮಾತ್ರೆ ಅನ್ನೋದನ್ನು ದೇಹ ಮರೆತಿರಲ್ಲ. ಹೃದಯದ ತೊಂದರೆ ಇರೋರು ಡಾಕ್ಟರನ್ನು ಕೇಳದೆ ಇದರ ತಂಟೆಗೆ ಹೋಗಲೇಬಾರದು. 2024ರ ಏಪ್ರಿಲ್‌ನಲ್ಲಿ ‘ಜಾಮಾ ಡರ್ಮಟಾಲಜಿ’ಯಲ್ಲಿ ಬ್ರೆಜಿಲ್ಲಿನ ಒಂದು ಅಧ್ಯಯನ ಬಂತು. 90 ಗಂಡಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ 5 ಮಿಲಿಗ್ರಾಮಿನ ಮಾತ್ರೆ, ಇನ್ನರ್ಧಕ್ಕೆ ದಿನಕ್ಕೆರಡು ಸಲ ಶೇ. 5ರ ದ್ರಾವಣ, 24 ವಾರ. ಮಾತ್ರೆಯೇ ಮೇಲು ಅಂತ ಸಾಬೀತಾಗಲಿಲ್ಲ. ಮಾತ್ರೆ ತಗೊಂಡವರಲ್ಲಿ ಸುಮಾರು ಅರ್ಧ ಜನಕ್ಕೆ ಬೇಡದ ಕಡೆ ಕೂದಲು ಬಂತು. ಅಂದರೆ ಮಾತ್ರೆಯಿಂದ ಉಳಿಯೋದು ಮುಖ್ಯವಾಗಿ ಸಮಯ, ಜಿಗುಟು. ಅದೂ ಕಮ್ಮಿ ಲಾಭವಲ್ಲ ಅನ್ನಿ.

*

ಇಲ್ಲಿಂದ ಮುಂದೆ ಹೇಳೋದು ನನಗೆ ಅಷ್ಟು ಸುಲಭವಲ್ಲ.

2023ರ ಆಗಸ್ಟಿನಲ್ಲಿ ಫಿನಾಸ್ಟಿರೈಡ್ ಶುರು ಮಾಡಿದೆ. ಡಾಕ್ಟರಮ್ಮ ಬರೆದುಕೊಟ್ಟಿದ್ದ ಚೀಟಿಯಲ್ಲಿ ಅದೂ ಇತ್ತು, ಮನೆಯಲ್ಲಿ ಮಾತಾಡಿ ಶುರು ಮಾಡಿ ಅಂದಿದ್ದರು. ನಾನು ಮಾತಾಡಲಿಲ್ಲ. ಶೀಟನ್ನು ಲ್ಯಾಪ್‌ಟಾಪ್ ಬ್ಯಾಗಿನ ಚಾರ್ಜರ್ ಜೇಬಿನಲ್ಲಿಟ್ಟು, ಆಫೀಸಿನಲ್ಲೇ ನುಂಗುತ್ತಿದ್ದೆ.

ಯಾಕೆ ಮುಚ್ಚಿಟ್ಟೆ? ಈ ಮಾತ್ರೆಯ ಹೆಸರು ಹುಡುಕಿದರೆ ಮೊದಲು ಬರೋದೇ ಗಂಡಸುತನದ ವಿಷಯ. ರಕ್ತದಲ್ಲಿನ ಡಿಎಚ್‌ಟಿಯನ್ನು ಇದು ಸುಮಾರು ಮೂರನೇ ಎರಡು ಭಾಗ ಇಳಿಸುತ್ತೆ. ಲಾಭ ದೊಡ್ಡದೇ: ಕಂಪನಿಯ ಪ್ರಯೋಗದಲ್ಲಿ ಎರಡು ವರ್ಷಕ್ಕೆ ನೆತ್ತಿಯ ಕೂದಲ ಎಣಿಕೆ ಕಮ್ಮಿಯಾದದ್ದು ಮಾತ್ರೆ ತಗೊಂಡವರಲ್ಲಿ ಶೇ. 17 ಜನಕ್ಕೆ, ಬರೀ ಸಕ್ಕರೆ ಗುಳಿಗೆ ತಗೊಂಡವರಲ್ಲಿ ಶೇ. 72 ಜನಕ್ಕೆ. ಅದೇ ಪ್ರಯೋಗಗಳಲ್ಲಿ ಲೈಂಗಿಕ ತೊಂದರೆ ಹೇಳಿಕೊಂಡವರು ಶೇ. 3.8, ಸಕ್ಕರೆ ಗುಳಿಗೆಯವರಲ್ಲಿ ಶೇ. 2.1. ನೂರರಲ್ಲಿ ಒಬ್ಬರೋ ಇಬ್ಬರೋ ಹೆಚ್ಚು. ಮಾತ್ರೆ ಬಿಟ್ಟ ಮೇಲೂ ತೊಂದರೆ ಹೋಗಲಿಲ್ಲ ಅಂದವರೂ ಇದ್ದಾರೆ.

ಅಂಕಿಅಂಶ ಓದುವಾಗ ನಾನು ಇಂಜಿನಿಯರು. ರಾತ್ರಿ ಹಾಸಿಗೆಯಲ್ಲಿ ನಾನೇ ಆ ನೂರರಲ್ಲಿ ಒಬ್ಬ. ಎರಡನೇ ತಿಂಗಳಲ್ಲಿ ಒಂದು ರಾತ್ರಿ ಆಗಲಿಲ್ಲ. ಮದುವೆಯಾದವರಿಗೆಲ್ಲ ಎಂದೋ ಒಂದು ದಿನ ಆಗೋ ಸಂಗತಿ. ಆದರೆ ನನಗೆ ಗೊತ್ತಿದ್ದ ಗುಟ್ಟೊಂದು ಬ್ಯಾಗಿನಲ್ಲಿತ್ತಲ್ಲ. ಮುಂದಿನ ಸಲ ಅದೇ ಭಯ, ಅದರ ಮುಂದಿನ ಸಲ ಭಯದ ಭಯ. ಆಮೇಲೆ ಓದಿದೆ: 2007ರಲ್ಲಿ ಇಟಲಿಯವರು ಪ್ರಾಸ್ಟೇಟ್ ರೋಗಿಗಳಿಗೆ ಫಿನಾಸ್ಟಿರೈಡ್ ಕೊಟ್ಟು, ಕೆಲವರಿಗೆ ಲೈಂಗಿಕ ತೊಂದರೆ ಆಗಬಹುದು ಅಂತ ಹೇಳಿದರು, ಕೆಲವರಿಗೆ ಹೇಳಲಿಲ್ಲ. ಹೇಳಿಸಿಕೊಂಡವರಲ್ಲಿ ಶೇ. 43.6 ಜನಕ್ಕೆ ತೊಂದರೆಯಾಯಿತು, ಹೇಳಿಸಿಕೊಳ್ಳದವರಲ್ಲಿ ಶೇ. 15.3. ಒಂದೇ ಮಾತ್ರೆ, ಒಂದೇ ಡೋಸು. ನನ್ನದು ಮಾತ್ರೆಯ ಕೆಲಸವೋ, ಭಯದ ಕೆಲಸವೋ, ಆ ತಿಂಗಳ ಅಪ್ರೈಸಲ್ಲಿನ ಕೆಲಸವೋ, ಇವತ್ತಿಗೂ ಗೊತ್ತಿಲ್ಲ. ಮುಚ್ಚಿಟ್ಟಿದ್ದರಿಂದ ಕೇಳೋಕೂ ಯಾರೂ ಇರಲಿಲ್ಲ.

ನವೆಂಬರಿನಲ್ಲಿ ಅವಳ ಚಾರ್ಜರ್ ಕೆಟ್ಟುಹೋಯಿತು. ನನ್ನ ಬ್ಯಾಗಿಗೆ ಕೈ ಹಾಕಿದಳು.

ಆಫೀಸಿನಿಂದ ಬಂದಾಗ ಡೈನಿಂಗ್ ಟೇಬಲ್ ಮೇಲೆ ಎರಡು ಶೀಟು ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದಳು. ಒಂದು ನನ್ನದು. ಇನ್ನೊಂದು ಅವಳ ಫೋಲಿಕ್ ಆಸಿಡ್. ಆರು ತಿಂಗಳಿಂದ ಮಗುವಿಗೆ ಪ್ರಯತ್ನ ಮಾಡುತ್ತಿದ್ದೆವು.

"ಮಗು ಬೇಕು ಅಂತ ನಾನು ಇದನ್ನ ನುಂಗ್ತಾ ಇದೀನಿ," ಅಂದಳು. "ನೀನು ಕದ್ದು ಅದನ್ನ ನುಂಗ್ತಾ ಇದೀಯ. ಎರಡು ತಿಂಗಳಿಂದ ನನ್ನಲ್ಲೇ ಏನೋ ಕಮ್ಮಿ ಆಗಿದೆ ಅಂತ ಅಂದ್ಕೊಂಡಿದ್ದೆ ಕಣೋ ನಾನು."

ಕೂದಲ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ನಾನು ಮಾತ್ರೆಯ ಲಾಭ ನಷ್ಟವನ್ನೆಲ್ಲ ಎಕ್ಸೆಲ್ ಶೀಟಿನಲ್ಲಿ ಹಾಕಿ ತೂಗಿದ್ದೆ. ಅದರಲ್ಲಿ ಅವಳ ಹೆಸರಿನ ಕಾಲಮ್ಮೇ ಇರಲಿಲ್ಲ.

ಮಾರನೇ ದಿನ ಇಬ್ಬರೂ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರಮ್ಮ ಸಮಾಧಾನವಾಗಿ ಹೇಳಿದರು: ಗಂಡ ಈ ಮಾತ್ರೆ ತಗೊಂಡರೆ ವೀರ್ಯದ ಮೂಲಕ ಹೆಂಡತಿಗೆ ಹೋಗುವ ಅಂಶ ತೀರಾ ಅಲ್ಪ, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ವೀರ್ಯಾಣು ಮೊದಲೇ ಕಮ್ಮಿ ಇರುವ ಕೆಲವರಲ್ಲಿ ಮಾತ್ರೆ ನಿಲ್ಲಿಸಿದ ಮೇಲೆ ಎಣಿಕೆ ಏರಿದ ವರದಿಗಳಿವೆ. ಹೊಸ ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳು ಬೇಕು, ಹಾಗಾಗಿ ಮೂರು ತಿಂಗಳು ನಿಲ್ಲಿಸಿ ನೋಡೋಣ. ಬಸುರಿಯಾದ ಮೇಲೆ ಮಾತ್ರ ಒಡೆದ ಮಾತ್ರೆಯನ್ನು ಅವಳು ಮುಟ್ಟಲೇಬಾರದು. ಗಂಡು ಕೂಸಾಗಿದ್ದರೆ ಅದರ ಬೆಳವಣಿಗೆಗೆ ಡಿಎಚ್‌ಟಿ ಬೇಕು. ಆ ಡೊಮಿನಿಕನ್ ಹಳ್ಳಿಯ ಕಥೆ ನನಗೆ ಆಗ ಪೂರ್ತಿ ಅರ್ಥವಾಯಿತು.

"ಇದನ್ನೂ ಲೋಷನ್ ಥರ ಹಚ್ಚಬಹುದಲ್ವಾ ಮೇಡಂ?" ಅಂತ ಕೇಳಿದೆ. ಮಿನಾಕ್ಸಿಡಿಲ್ ಜೊತೆ ಫಿನಾಸ್ಟಿರೈಡ್ ಬೆರೆಸಿದ ಬಾಟಲಿಗಳು ನಮ್ಮಲ್ಲಿ ಧಾರಾಳ ಸಿಗುತ್ತವೆ.

"ಹಚ್ಚಿದ್ದೂ ಒಳಗೆ ಹೋಗುತ್ತೆ. ದಿಂಬಿಗೂ ಹೋಗುತ್ತೆ. ದಿಂಬು ಯಾರ್ದು?" ಅಂದರು.

2025ರ ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಡಿಎ ಇದನ್ನೇ ಎಚ್ಚರಿಸಿತು: ಬೆರೆಸಿ ಮಾರುವ ಫಿನಾಸ್ಟಿರೈಡ್ ಲೋಷನ್ನುಗಳು ರಕ್ತಕ್ಕೆ ಸೇರಬಹುದು, ಮನೆಯವರಿಗೆ ತಾಗಬಹುದು, ಮಾತ್ರೆಯಂಥದ್ದೇ ತೊಂದರೆಗಳು ವರದಿಯಾಗಿವೆ. ಹಚ್ಚುವುದೆಲ್ಲ ಸೌಮ್ಯ, ನುಂಗುವುದೆಲ್ಲ ಅಪಾಯ ಅನ್ನೋ ನನ್ನ ಲೆಕ್ಕ ತಪ್ಪಾಗಿತ್ತು.

*

ಆ ಚಳಿಗಾಲದಲ್ಲೇ ಅಪ್ಪ ತಿಪಟೂರಿನಿಂದ ರೈಲಿನಲ್ಲಿ ಯಶವಂತಪುರಕ್ಕೆ ಬಂದಿಳಿದರು. ರಾತ್ರಿ ನಾಲ್ಕು ಸಲ ಎದ್ದು ಬಾತ್‌ರೂಮಿಗೆ ಹೋಗುವ ತೊಂದರೆಗೆ ಊರಿನ ಡಾಕ್ಟರು ಮಾತ್ರೆ ಕೊಟ್ಟಿದ್ದರು. ಇಲ್ಲಿ ಯೂರಾಲಜಿಸ್ಟ್ ಹತ್ತಿರ ಒಂದು ಸಲ ತೋರಿಸೋಣ ಅಂತ. ಫೈಲು ನೋಡಲು ಚೀಲ ಬಿಚ್ಚಿದರೆ ಅದೇ ಹೆಸರು. ಫಿನಾಸ್ಟಿರೈಡ್, 5 ಮಿಲಿಗ್ರಾಂ. ನಾನು ಬ್ಯಾಗಿನಲ್ಲಿ ಬಚ್ಚಿಟ್ಟು ನುಂಗುತ್ತಿದ್ದದ್ದರ ಐದು ಪಟ್ಟನ್ನು ಅಪ್ಪ ಊಟ ಆದಮೇಲೆ ಎಲ್ಲರೆದುರು ನುಂಗುತ್ತಿದ್ದರು.

ಯೂರಾಲಜಿಸ್ಟ್ ಮೊದಲು ಕೇಳಿದ್ದೇ ಅದನ್ನು, ಎಷ್ಟು ದಿನದಿಂದ ತಗೋತಿದೀರಿ ಅಂತ. ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಹುಡುಕುವ ಪಿಎಸ್‌ಎ ರಕ್ತಪರೀಕ್ಷೆಯ ಅಂಕಿಯನ್ನು ಈ ಮಾತ್ರೆ ಸುಮಾರು ಅರ್ಧಕ್ಕೆ ಇಳಿಸಿಬಿಡುತ್ತೆ. ಹೇಳದೆ ಪರೀಕ್ಷೆ ಮಾಡಿಸಿದರೆ ಡಾಕ್ಟರು ಮೋಸ ಹೋಗಬಹುದು. 1 ಮಿಲಿಗ್ರಾಮಿನದೂ ಹಾಗೇ ಮಾಡುತ್ತೆ. ನಡುವಯಸ್ಸು ದಾಟಿದ ಮೇಲೂ ಕೂದಲಿಗಾಗಿ ಇದನ್ನು ಮುಂದುವರಿಸುವವರು ಇದೊಂದು ಮಾತು ನೆನಪಿಟ್ಟುಕೊಳ್ಳಿ.

ಆ ರಾತ್ರಿ ಅಪ್ಪನಿಗೆ ಎಲ್ಲ ಹೇಳಿದೆ. ಹಾಸಿಗೆಯ ವಿಷಯ ಬಿಟ್ಟು. ಬಯ್ಯುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ ಮದುವೆ ಆಲ್ಬಮ್ ನೋಡಿದೀಯ?" ಅಂದರು.

"ನೂರು ಸಲ."

"ಒಂದು ಫೋಟೋದಲ್ಲಾದ್ರೂ ನಾನು ಪೇಟ ತೆಗ್ದಿದೀನಾ?"

ಇಲ್ಲ. ಧಾರೆಯಲ್ಲಿ ಪೇಟ, ಊಟದ ಪಂಕ್ತಿಯಲ್ಲಿ ಪೇಟ, ಸಂಜೆ ಆರತಕ್ಷತೆಯಲ್ಲಿ ಸೂಟಿನ ಮೇಲೂ ಪೇಟ. ಚಿಕ್ಕಂದಿನಲ್ಲಿ ಅದು ಜಂಬ ಅಂದುಕೊಂಡಿದ್ದೆ.

"ಇಪ್ಪತ್ತೆಂಟಕ್ಕೇ ಹೋಗಿತ್ತು. ನಿಮ್ಮಮ್ಮಂಗೆ ಗೊತ್ತಾಗಿದ್ದು ಮಾರನೇ ದಿನ," ಅಂದರು ಅಪ್ಪ. "ಒಂದು ವಾರ ಸರಿಯಾಗಿ ಮಾತಾಡ್ಲಿಲ್ಲ. ತಲೆ ನೋಡಿ ಅಲ್ಲ ಕಣೋ. ಮೊದ್ಲೇ ಹೇಳ್ಬಾರ್ದಿತ್ತಾ ಅಂತ."

ಅಡುಗೆಮನೆಯಲ್ಲಿ ನನ್ನ ಹೆಂಡತಿ ನಕ್ಕಿದ್ದು ಕೇಳಿಸಿತು. ಎಷ್ಟೋ ದಿನದ ಮೇಲೆ.

*

2024ರ ಮಾರ್ಚ್‌ನಲ್ಲಿ ಎರಡು ಗೆರೆ ಕಾಣಿಸಿದವು. ಮಾತ್ರೆ ನಿಲ್ಲಿಸಿದ್ದಕ್ಕೇ ಆಯಿತು ಅಂತ ನಾನು ಹೇಳಲಾರೆ. ನಿಲ್ಲಿಸಿದ ಮೇಲೆ ಆಯಿತು, ಅಷ್ಟೇ ಗೊತ್ತು. ಆ ಒಂಬತ್ತು ತಿಂಗಳಲ್ಲಿ ಅಪ್ಪ ಬಂದಾಗಲೆಲ್ಲ ಅವರ ಮಾತ್ರೆ ಡಬ್ಬಿ ತುಂಬುವ ಕೆಲಸ ನನ್ನದಾಯಿತು. ಮೊದಲು ಸೊಸೆ ತುಂಬುತ್ತಿದ್ದಳು. ಪೂರ್ತಿ ಮಾತ್ರೆ ಮುಟ್ಟಿದರೆ ಏನೂ ಆಗಲ್ಲ, ಮೇಲೆ ಲೇಪನ ಇರುತ್ತೆ. ಆದರೂ ಅದೊಂದು ಕೆಲಸವನ್ನು ನಾನು ಯಾರಿಗೂ ಬಿಡಲಿಲ್ಲ.

ತಲೆಗೆ ಬಾಟಲಿ ಮುಂದುವರಿದಿತ್ತು. ಡಿಸೆಂಬರಿನಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆ ಹೆಂಡತಿ ತವರಿನಲ್ಲಿದ್ದಾಗ ಒಂದು ಸುದ್ದಿ ಕಳಿಸಿದಳು. ತಲೆಗೆ ಮಿನಾಕ್ಸಿಡಿಲ್ ಹಚ್ಚುವ ಅಪ್ಪಂದಿರ ಚರ್ಮ ತಾಗಿ ಎಳೆ ಮಕ್ಕಳ ಮೈಮೇಲೆ ಕೂದಲು ಬೆಳೆದ ಪ್ರಕರಣಗಳು ಯುರೋಪಿನಲ್ಲಿ ಸಿಕ್ಕಿದ್ದವು. ಅಲ್ಲಿನ ಔಷಧ ನಿಯಂತ್ರಕರು 2024ರ ಕೊನೆಯಲ್ಲಿ ಪೊಟ್ಟಣದ ಮೇಲೆ ಎಚ್ಚರಿಕೆ ಸೇರಿಸಲು ಹೇಳಿದ್ದರು. ಸೋಕುವುದು ನಿಂತರೆ ಕೆಲವು ತಿಂಗಳಲ್ಲಿ ಸರಿಹೋಗುತ್ತೆ ಅನ್ನೋದೇ ಸಮಾಧಾನ. ಸುದ್ದಿಯ ಕೆಳಗೆ ಅವಳು ಬರೆದದ್ದು ಒಂದೇ ಸಾಲು: "ಈಗಲೇ ಹೇಳ್ತಿದೀನಿ, ಬಚ್ಚಿಟ್ಕೊಂಡಿಲ್ಲ."

ಹೇಗಿದೆ ನೋಡಿ ಲೆಕ್ಕ. ಮಗು ಹುಟ್ಟೋಕೆ ಮೊದಲು ಮಾತ್ರೆ ಅಡ್ಡಿ, ಹುಟ್ಟಿದ ಮೇಲೆ ಲೋಷನ್ ಅಡ್ಡಿ. ಹೊಟ್ಟೆಗೆ ಹಾಕಿದ್ದು ಹೊಟ್ಟೆಯಲ್ಲಿ ನಿಲ್ಲಲ್ಲ, ಜುಟ್ಟಿಗೆ ಹಚ್ಚಿದ್ದು ಜುಟ್ಟಲ್ಲಿ ನಿಲ್ಲಲ್ಲ. ಹೆಗಲ ಮೇಲೆ ಹಾಕಿಕೊಂಡ ಕೂಸು ಮೊದಲು ಕೈ ಹಾಕೋದೇ ಕೂದಲಿಗೆ, ಆಮೇಲೆ ಆ ಕೈ ಬಾಯಿಗೆ. ಅವರು ಹೆಬ್ಬಾಳಕ್ಕೆ ವಾಪಸ್ ಬರುವ ಹಿಂದಿನ ದಿನ ಬಾಟಲಿ ಕಸಕ್ಕೆ ಹೋಯಿತು, ದಿಂಬಿನ ಕವರುಗಳು ಬಿಸಿನೀರಿಗೆ.

ಮತ್ತೆ ಮಾತ್ರೆಗೆ ಹೋಗೋಣವಾ ಅಂತ ಇಬ್ಬರೂ ಮಾತಾಡುತ್ತಿದ್ದಾಗಲೇ, 2025ರ ಮೇ ತಿಂಗಳಲ್ಲಿ, ಅದೇ ಯುರೋಪಿನ ಸಂಸ್ಥೆ ಇನ್ನೊಂದು ಮಾತು ಹೇಳಿತು: ಫಿನಾಸ್ಟಿರೈಡ್ ಮಾತ್ರೆಯ ಅಡ್ಡಪರಿಣಾಮಗಳಲ್ಲಿ ಆತ್ಮಹತ್ಯೆಯ ಯೋಚನೆಯೂ ಸೇರಿದೆ, ಎಷ್ಟು ಜನಕ್ಕೆ ಆಗುತ್ತೆ ಅಂತ ನಿಖರವಾಗಿ ಹೇಳಲಾಗದು, ಲಾಭವೇ ಹೆಚ್ಚು ಅನ್ನೋ ನಿಲುವು ಹಾಗೇ ಇದೆ, ಮನಸ್ಸು ಕುಗ್ಗಿದರೆ 1 ಮಿಲಿಗ್ರಾಮಿನವರು ಮಾತ್ರೆ ನಿಲ್ಲಿಸಿ ಡಾಕ್ಟರನ್ನು ಕಾಣಬೇಕು. ಎರಡು ವರ್ಷದ ಹಿಂದಿನ ನಾನಾಗಿದ್ದರೆ ಇದನ್ನು ಓದಿ ಫೋನ್ ಮಗುಚಿ ಇಡುತ್ತಿದ್ದೆ. ಈಗ ಜೋರಾಗಿ ಓದಿ ಹೇಳಿದೆ.

"ನಿನ್ ಮೂಡು ನಿಂಗಿಂತ ಮೊದ್ಲು ನಂಗೇ ಗೊತ್ತಾಗೋದು," ಅಂದಳು. "ತಗೊ. ಆದ್ರೆ ನಿಲ್ಸು ಅಂದ್ರೆ ನಿಲ್ಸ್ಬೇಕು. ವಾದ ಇಲ್ಲ."

ಡಾಕ್ಟರಮ್ಮನೂ ಒಪ್ಪಿದರು, ಮೂರು ತಿಂಗಳಿಗೊಮ್ಮೆ ಇಬ್ಬರೂ ಬನ್ನಿ ಅಂದರು. ಜೂನ್‌ನಿಂದ ದಿನಕ್ಕೊಂದು ಮಾತ್ರೆ ನಡೆಯುತ್ತಿದೆ. ಶೀಟು ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇದೆ. ಇಲ್ಲಿಯವರೆಗೆ ತೊಂದರೆ ಕಂಡಿಲ್ಲ. ಕೂದಲು? ಬಾಟಲಿ ಬಿಟ್ಟ ಮೇಲೆ ಒಂದಿಷ್ಟು ಹೋಯಿತು, ಈಗ ನಿಂತ ಹಾಗಿದೆ. ಪೂರಿ ಇನ್ನೂ ಪೂರಿಯಷ್ಟೇ ಇದೆ, ಚಪಾತಿ ಆಗಿಲ್ಲ. ಇದು ನನ್ನ ಮನೆಯ ಲೆಕ್ಕ. ನಿಮ್ಮ ಬಿಪಿ ಬೇರೆ, ನಿಮ್ಮ ಮನಸ್ಸು ಬೇರೆ, ನಿಮ್ಮ ದಿಂಬಿನ ಆಚೆ ಮಲಗುವವರು ಬೇರೆ. ನಾಲ್ಕು ಪ್ರಶ್ನೆಗೆ ಟಿಕ್ ಹಾಕಿಸಿಕೊಂಡು ಮನೆಗೆ ಕಿಟ್ ಕಳಿಸುವ ಆ್ಯಪಿಗೆ ಇವೆಲ್ಲ ಗೊತ್ತಿರಲ್ಲ. ಎದುರು ಕೂತು ತಲೆ ನೋಡೋ ಡಾಕ್ಟರನ್ನು ಕೇಳಿ. ಹೋಗುವಾಗ ಜೊತೆಯವರನ್ನೂ ಕರಕೊಂಡು ಹೋಗಿ.

ಹೋದ ಭಾನುವಾರ ಅಪ್ಪ ಬಂದಿದ್ದರು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಾಲ್ಕನಿಯಲ್ಲಿ ನಿಂತು ಫ್ಲೈಓವರಿನ ಮೇಲಿನ ಬಸ್ಸು ತೋರಿಸುತ್ತಿದ್ದರು. ಅವಳು ಬಸ್ಸು ನೋಡುತ್ತಿರಲಿಲ್ಲ. ತಾತನ ತಲೆಯನ್ನು ಎರಡೂ ಕೈಯಲ್ಲಿ ತಬಲಾದ ಹಾಗೆ ಬಾರಿಸಿ, ಬಗ್ಗಿ ಬಾಯಿ ಹಾಕಿ ಚೀಪುತ್ತಿದ್ದಳು.

ಹೆಂಡತಿ ಓಡಿಹೋಗಿ, "ಮಾವ, ತಲೆಗೆ ಏನಾದ್ರೂ ಹಚ್ಚಿದೀರಾ?" ಅಂತ ಕೇಳಿದಳು.

"ಕೊಬ್ಬರಿ ಎಣ್ಣೆ ಕಣಮ್ಮ," ಅಂದರು ಅಪ್ಪ. "ತಿಪಟೂರಿಂದು."